ಓಟು ಕೇಳುವ ಸರ್ಕಾರಿ ವಕೀಲ: ಮ್ಯಾನ್‌ಹಟನ್ ಡಿ.ಎ. ಕಚೇರಿಯ ಇತಿಹಾಸ

ಪ್ರಶ್ನೆ: ಟ್ರಂಪ್ ವಿರುದ್ಧದ ಮೊಕದ್ದಮೆ ನಡೆಯುವಾಗ ‘ಮ್ಯಾನ್‌ಹಟನ್ ಡಿಸ್ಟ್ರಿಕ್ಟ್ ಅಟಾರ್ನಿ’ ಎಂಬ ಹೆಸರು ದಿನವೂ ಸುದ್ದಿಯಲ್ಲಿತ್ತು. ಅವರು ಪಕ್ಷದ ಟಿಕೆಟ್ ಮೇಲೆ ನಿಂತು ಗೆದ್ದವರು ಎಂದು ಓದಿ ಆಶ್ಚರ್ಯವಾಯಿತು. ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರನ್ನು ಸರ್ಕಾರ ನೇಮಿಸುತ್ತದೆ. ಓಟು ಕೇಳಿ ಬಂದವರು ಪಕ್ಷಪಾತವಿಲ್ಲದೆ ಕೇಸು ನಡೆಸುವುದು ಹೇಗೆ? ಈ ಪದ್ಧತಿ ಶುರುವಾದದ್ದು ಯಾವಾಗ? ಒಂದು ಕೌಂಟಿಯ ಸರ್ಕಾರಿ ವಕೀಲರ ಕಚೇರಿ ನಮ್ಮ ದೇವಸ್ಥಾನಗಳ ವಿಗ್ರಹಗಳನ್ನು ವಾಪಸ್ ಕಳಿಸುವಷ್ಟು ದೊಡ್ಡದಾದದ್ದು ಹೇಗೆ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನ್ಯೂಯಾರ್ಕ್ ಒಂದೇ ನಗರವಾದರೂ ಅದರೊಳಗೆ ಐದು ಕೌಂಟಿಗಳಿವೆ, ಐವರು ಡಿಸ್ಟ್ರಿಕ್ಟ್ ಅಟಾರ್ನಿಗಳಿದ್ದಾರೆ (ಚಿಕ್ಕದಾಗಿ ಡಿ.ಎ.). ನಾವು ಮ್ಯಾನ್‌ಹಟನ್ ಎನ್ನುವ ದ್ವೀಪ ದಾಖಲೆಗಳಲ್ಲಿ ‘ನ್ಯೂಯಾರ್ಕ್ ಕೌಂಟಿ’. ಬ್ರೂಕ್ಲಿನ್ ‘ಕಿಂಗ್ಸ್ ಕೌಂಟಿ’, ಸ್ಟೇಟನ್ ಐಲೆಂಡ್ ‘ರಿಚ್‌ಮಂಡ್ ಕೌಂಟಿ’. ಡಿ.ಎ.ಗಳು ರಾಜ್ಯದ ಕಾನೂನಿನಡಿ ಮೊಕದ್ದಮೆ ಹೂಡುವವರು, ನಾಲ್ಕು ವರ್ಷಕ್ಕೊಮ್ಮೆ ಜನರಿಂದ ಆರಿಸಿ ಬರುವವರು. ಅದೇ ಮ್ಯಾನ್‌ಹಟನ್‌ನಲ್ಲಿ ಫೆಡರಲ್ ಸರ್ಕಾರದ ಯು.ಎಸ್. ಅಟಾರ್ನಿ ಕಚೇರಿಯೂ ಇದೆ. 2013ರಲ್ಲಿ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರ ಬಂಧನದ ವೇಳೆ ನಮ್ಮ ಟಿವಿಗಳಲ್ಲೆಲ್ಲ ಕಾಣಿಸಿಕೊಂಡ ಪ್ರೀತ್ ಭರಾರಾ ಆ ಕಚೇರಿಯವರು. ಅಧ್ಯಕ್ಷರು ನೇಮಿಸಿದವರು, ಓಟು ಕೇಳಿದವರಲ್ಲ. ರಜತ್ ಗುಪ್ತಾ ಅವರ ಷೇರು ವ್ಯವಹಾರದ ಕೇಸೂ ಅಲ್ಲಿಯದೇ. ನಮ್ಮ ಪತ್ರಿಕೆಗಳಲ್ಲಿ ಎರಡೂ ಕಲಸಿಹೋಗಿರುತ್ತವೆ. ನೀವು ಕೇಳಿರುವುದು ಡಿ.ಎ. ಕಚೇರಿಯ ಬಗ್ಗೆ, ಅದರ ಕಥೆಯೇ ಬೇರೆ.

ಅಮೆರಿಕ ತನ್ನ ಕಾನೂನನ್ನು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಪಡೆಯಿತು. ಆದರೆ ಸರ್ಕಾರಿ ಅಭಿಯೋಜಕ ಎಂಬ ಹುದ್ದೆ ಅಲ್ಲಿಂದ ಬಂದದ್ದಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕಳ್ಳತನವಾದರೆ ಕಳೆದುಕೊಂಡವನೇ ವಕೀಲನನ್ನು ಹಿಡಿದು ಕೇಸು ನಡೆಸಬೇಕಿತ್ತು. ರಾಜನ ಅಟಾರ್ನಿ ಜನರಲ್ ದೊಡ್ಡ ಪ್ರಕರಣಗಳಿಗಷ್ಟೇ ಬರುತ್ತಿದ್ದ. ಮ್ಯಾನ್‌ಹಟನ್‌ನಲ್ಲಿ ಇಂಗ್ಲಿಷರಿಗಿಂತ ಮೊದಲಿದ್ದ ಡಚ್ಚರ ಪದ್ಧತಿ ಬೇರೆಯಾಗಿತ್ತು. ಅವರಲ್ಲಿ ‘ಸ್ಕೌಟ್’ ಎಂಬ ಅಧಿಕಾರಿ ಹಿಡಿಯುವುದನ್ನೂ ಕೋರ್ಟಿನಲ್ಲಿ ಆರೋಪ ಮಂಡಿಸುವುದನ್ನೂ ತಾನೇ ಮಾಡುತ್ತಿದ್ದ. ಇಂದಿನ ಡಿ.ಎ. ಹುದ್ದೆಯ ಬೇರು ಅಲ್ಲಿದೆ ಎನ್ನುವ ಇತಿಹಾಸಕಾರರಿದ್ದಾರೆ, ಅಲ್ಲಗಳೆಯುವವರೂ ಇದ್ದಾರೆ. ಕಾಗದದ ಮೇಲೆ ಸಿಗುವ ಗಟ್ಟಿ ಆಧಾರವೆಂದರೆ ಪಕ್ಕದ ಕನೆಕ್ಟಿಕಟ್‌ನ 1704ರ ಕಾಯಿದೆ. ಪ್ರತಿ ಕೌಂಟಿಯಲ್ಲೂ ಸಂಯಮಿಯೂ ವಿವೇಕಿಯೂ ಧರ್ಮಭೀರುವೂ ಆದ ಒಬ್ಬ ವ್ಯಕ್ತಿಯನ್ನು ಕೌಂಟಿ ಕೋರ್ಟು ನೇಮಿಸಬೇಕು, ಆತ ರಾಣಿಯ ಪರವಾಗಿ ಅಪರಾಧಿಗಳ ಮೇಲೆ ಮೊಕದ್ದಮೆ ನಡೆಸಬೇಕು ಎಂದು ಅದು ಹೇಳಿತು. ಕಾನೂನು ಓದಿರಬೇಕು ಎಂಬ ಷರತ್ತು ಆ ಗುಣಗಳ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿ.

ನ್ಯೂಯಾರ್ಕ್ ರಾಜ್ಯ ಈ ದಾರಿಗೆ ಬಂದದ್ದು ಸ್ವಾತಂತ್ರ್ಯಾನಂತರ. 1796ರಲ್ಲಿ ರಾಜ್ಯವನ್ನು ಏಳು ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಸಹಾಯಕ ಅಟಾರ್ನಿ ಜನರಲ್‌ನನ್ನು ಇಟ್ಟರು. ಈ ಹುದ್ದೆ ಆಗ ಎಷ್ಟು ಬಡಕಲಾಗಿತ್ತು ಎನ್ನುವುದಕ್ಕೆ 1800ರ ಲೆವಿ ವೀಕ್ಸ್ ಮೊಕದ್ದಮೆಯೇ ಸಾಕ್ಷಿ. ಎಲ್ಮಾ ಸ್ಯಾಂಡ್ಸ್ ಎಂಬ ಯುವತಿಯ ಶವ ಆ ವರ್ಷದ ಜನವರಿಯಲ್ಲಿ ಮ್ಯಾನ್‌ಹಟನ್‌ನ ಒಂದು ಬಾವಿಯಲ್ಲಿ ಸಿಕ್ಕಿತು. ಅವಳಿದ್ದ ಮನೆಯಲ್ಲೇ ಬಾಡಿಗೆಗಿದ್ದ ಬಡಗಿ ವೀಕ್ಸ್ ಮೇಲೆ ಕೊಲೆ ಆರೋಪ ಬಂತು. ಅವನ ಅಣ್ಣ ಹಣವಂತ ಕಟ್ಟಡ ಗುತ್ತಿಗೆದಾರ. ಆರೋಪಿಯ ಪರ ನಿಂತವರು ಮೂವರು: ಅಲೆಕ್ಸಾಂಡರ್ ಹ್ಯಾಮಿಲ್ಟನ್, ಆರನ್ ಬರ್ ಮತ್ತು ಬ್ರಾಕ್‌ಹೋಲ್ಸ್ಟ್ ಲಿವಿಂಗ್‌ಸ್ಟನ್. ನಾಲ್ಕು ವರ್ಷಗಳ ನಂತರ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್‌ನನ್ನು ಗುಂಡಿಟ್ಟು ಕೊಂದದ್ದು ಇದೇ ಬರ್. ಸರ್ಕಾರದ ಪರ ಇದ್ದವನು ಒಬ್ಬನೇ, ಕ್ಯಾಡ್ವಾಲಡರ್ ಕೋಲ್ಡನ್. ತನಿಖಾಧಿಕಾರಿ ಇಲ್ಲ, ಸಹಾಯಕ ಇಲ್ಲ. ಎರಡು ದಿನದ ವಿಚಾರಣೆ ನಡುರಾತ್ರಿ ದಾಟಿ ನಡೆಯಿತು; ಜ್ಯೂರಿ ಐದೇ ನಿಮಿಷದಲ್ಲಿ ಬಂದು ಖುಲಾಸೆ ಹೇಳಿತು. ಎಲ್ಮಾಳನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಮರುವರ್ಷ, 1801ರಲ್ಲಿ, ಹುದ್ದೆಗೆ ‘ಡಿಸ್ಟ್ರಿಕ್ಟ್ ಅಟಾರ್ನಿ’ ಎಂಬ ಹೆಸರಾಯಿತು. ನ್ಯೂಯಾರ್ಕ್ ನಗರ ಸೇರಿದ್ದ ಮೊದಲನೇ ಜಿಲ್ಲೆಗೆ ಬಂದವನು ರಿಚರ್ಡ್ ರೈಕರ್. ನಂತರ ನಗರದ ರೆಕಾರ್ಡರ್, ಅಂದರೆ ನ್ಯಾಯಾಧೀಶ, ಆದಾಗ ಸ್ವತಂತ್ರ ಕರಿಯರನ್ನು ‘ಓಡಿಬಂದ ಗುಲಾಮರು’ ಎಂದು ತೀರ್ಮಾನಿಸಿ ದಕ್ಷಿಣಕ್ಕೆ ಸಾಗಹಾಕಲು ನೆರವಾದನೆಂದು ಗುಲಾಮಗಿರಿ ವಿರೋಧಿಗಳು ಅವನನ್ನು ಹೆಸರಿಡಿದು ಖಂಡಿಸಿದ್ದರು. ಕಚೇರಿಯ ಮೊದಲ ಡಿ.ಎ. ಅಂಥವನು. 1815ರಲ್ಲಿ ನ್ಯೂಯಾರ್ಕ್ ಕೌಂಟಿ ಪ್ರತ್ಯೇಕವಾಯಿತು. 1818ರ ಹೊತ್ತಿಗೆ ಪ್ರತಿ ಕೌಂಟಿಗೂ ಒಬ್ಬ ಡಿ.ಎ. ಬಂದರು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಚುನಾವಣೆ ಯಾಕೆ? ಮೊದಲು ಇದೂ ನೇಮಕದ ಹುದ್ದೆಯೇ. ರಾಜ್ಯಪಾಲರು ಮತ್ತು ನಾಲ್ವರು ಸೆನೆಟರ್‌ಗಳ ಒಂದು ನೇಮಕಾತಿ ಮಂಡಳಿ ಇತ್ತು (ಅಲ್ಲಿಯ ರಾಜ್ಯಪಾಲರೆಂದರೆ ಚುನಾಯಿತ ಗವರ್ನರ್, ನಮ್ಮ ರಾಜಭವನದವರಲ್ಲ). ಆಡಳಿತ ಬದಲಾದ ಹಾಗೆಲ್ಲ ಹುದ್ದೆಯೂ ಕೈ ಬದಲಾಯಿಸುತ್ತಿತ್ತು. 1810ರಲ್ಲಿ ರೈಕರ್ ಇಳಿದು ಕೋಲ್ಡನ್ ಬಂದ. 1811ರಲ್ಲಿ ಕೋಲ್ಡನ್ ಇಳಿದು ರೈಕರ್ ಮತ್ತೆ ಬಂದ. 1821ರ ಸಂವಿಧಾನ ಆ ಮಂಡಳಿಯನ್ನೇ ಕಿತ್ತುಹಾಕಿ ನೇಮಕವನ್ನು ಕೌಂಟಿ ಕೋರ್ಟುಗಳಿಗೆ ಕೊಟ್ಟಿತು. ಅಲ್ಲೂ ‘ನಮ್ಮವರು–ನಿಮ್ಮವರು’ ನಿಲ್ಲಲಿಲ್ಲ. ಕಡೆಗೆ 1846ರ ಸಂವಿಧಾನ ನ್ಯಾಯಾಧೀಶರ ಜೊತೆಗೆ ಡಿ.ಎ.ಗಳನ್ನೂ ಮತಪೆಟ್ಟಿಗೆಗೆ ಒಪ್ಪಿಸಿತು. ಇದರಲ್ಲಿ ನ್ಯೂಯಾರ್ಕ್ ಮೊದಲಿನದಲ್ಲ, ಮಿಸಿಸಿಪ್ಪಿ 1832ರಲ್ಲೇ ಹಾಗೆ ಮಾಡಿತ್ತು. 1847ರ ಮೊದಲ ಚುನಾವಣೆಯಲ್ಲಿ ಗೆದ್ದವನು ಜಾನ್ ಮೆಕಿಯನ್. ಅಂದರೆ ಚುನಾವಣೆ ಬಂದದ್ದು ಸರ್ಕಾರಿ ವಕೀಲನನ್ನು ರಾಜಕಾರಣಿ ಮಾಡಬೇಕೆಂದಲ್ಲ, ರಾಜಕಾರಣಿಗಳ ಕೈಯಿಂದ ಬಿಡಿಸಬೇಕೆಂದು. ನ್ಯೂಜೆರ್ಸಿ ಈ ದಾರಿ ಹಿಡಿಯಲಿಲ್ಲ. ಅಲ್ಲಿ ಕೌಂಟಿ ಪ್ರಾಸಿಕ್ಯೂಟರನ್ನು ಇಂದಿಗೂ ಸೆನೆಟ್ ಒಪ್ಪಿಗೆಯೊಂದಿಗೆ ಗವರ್ನರೇ ಐದು ವರ್ಷಕ್ಕೆ ನೇಮಿಸುತ್ತಾರೆ. ಅಲ್ಲಿಯ ಎಡಿಸನ್ ಊರಿನ ಕಡೆಯ ನಮ್ಮ ಕನ್ನಡಿಗರು ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೋದರೆ ಎರಡು ಪದ್ಧತಿಗಳನ್ನೂ ಒಂದೇ ದಿನದಲ್ಲಿ ಹಾದುಹೋಗುತ್ತಾರೆ.

ಚುನಾವಣೆ ಈ ಹುದ್ದೆಯನ್ನು ರಾಜಕಾರಣಿಗಳ ಕೈಯಿಂದ ಬಿಡಿಸಿತೇ? ಇಲ್ಲ. ನಗರದ ಓಟುಗಳನ್ನು ಗುತ್ತಿಗೆ ಹಿಡಿದಿದ್ದ ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಎಂಬ ಸಂಸ್ಥೆ ಕಚೇರಿಯನ್ನು ಜೇಬಿಗೆ ಹಾಕಿಕೊಂಡಿತು. ಎರಡು ಸಲ ಡಿ.ಎ. ಆಗಿದ್ದ ಓಕಿ ಹಾಲ್ 1869ರಲ್ಲಿ ಮೇಯರ್ ಆದ. ಟ್ಯಾಮನಿಯ ಮುಖಂಡ ಬಾಸ್ ಟ್ವೀಡ್ ನಗರದ ಖಜಾನೆ ಕೊಳ್ಳೆ ಹೊಡೆದದ್ದು ಅವನ ಕಾಲದಲ್ಲೇ. ಟ್ವೀಡ್‌ನನ್ನು ಕಟಕಟೆಗೆ ತರಲು ರಾಜ್ಯದ ಪರವಾಗಿ ಹೊರಗಿನ ವಕೀಲರು ಮುಂದಾಳುಗಳಾಗಬೇಕಾಯಿತು. 1897ರ ಡಿ.ಎ. ಚುನಾವಣೆಯಲ್ಲಿ ‘ಸುಧಾರಣೆ ಹಾಳಾಗಿ ಹೋಗಲಿ’ ಎಂದು ಬಹಿರಂಗವಾಗಿ ಘೋಷಿಸಿ ಗೆದ್ದ ಏಸಾ ಬರ್ಡ್ ಗಾರ್ಡಿನರ್‌ನನ್ನು 1900ರ ಡಿಸೆಂಬರಿನಲ್ಲಿ ರಾಜ್ಯಪಾಲ ಥಿಯೋಡರ್ ರೂಸ್ವೆಲ್ಟ್ ವಜಾ ಮಾಡಿದರು. ಆ ವೇಳೆಗೆ ಅವರು ದೇಶದ ಉಪಾಧ್ಯಕ್ಷರಾಗಿ ಚುನಾಯಿತರಾಗಿದ್ದರು, ಹೊರಡುವ ಮೊದಲು ಈ ಕೆಲಸ ಮುಗಿಸಿಯೇ ಹೋದರು. ಡಿ.ಎ.ಯನ್ನು ಆರೋಪ ತಿಳಿಸಿ, ಅಹವಾಲು ಕೇಳಿ ತೆಗೆದುಹಾಕುವ ಅಧಿಕಾರ ರಾಜ್ಯಪಾಲರಿಗೆ ಈಗಲೂ ಇದೆ. ಒಂದೇ ಒಂದು ಪ್ರಕರಣವನ್ನು ಡಿ.ಎ. ಕೈಯಿಂದ ತೆಗೆದು ಬೇರೆಯವರಿಗೆ ಕೊಡುವ ಅಧಿಕಾರವೂ ಇದೆ. ಮರಣದಂಡನೆ ಕೇಳಲು ಮನಸ್ಸಿಲ್ಲದ ಬ್ರಾಂಕ್ಸ್ ಡಿ.ಎ. ಕೈಯಿಂದ 1996ರಲ್ಲಿ ಪೊಲೀಸ್ ಅಧಿಕಾರಿಯ ಕೊಲೆ ಕೇಸನ್ನು ರಾಜ್ಯಪಾಲ ಜಾರ್ಜ್ ಪಟಾಕಿ ಕಿತ್ತುಕೊಂಡಾಗ ರಾಜ್ಯದ ಅತ್ಯುನ್ನತ ಕೋರ್ಟು ಅದನ್ನು ಎತ್ತಿಹಿಡಿಯಿತು.

ಟ್ಯಾಮನಿ ವಿರೋಧಿಗಳು ಗೆದ್ದಾಗ ಇನ್ನೊಂದು ಕಾಯಿಲೆ ತಲೆಹಾಕಿತು: ಹುದ್ದೆ ಏಣಿಯಾಯಿತು. ಚಾರ್ಲ್ಸ್ ವಿಟ್ಮನ್ ಪ್ರಕರಣ ಇದಕ್ಕೆ ಅತ್ಯಂತ ಕಹಿಯಾದ ಉದಾಹರಣೆ. 1912ರ ಜುಲೈನಲ್ಲಿ ಹರ್ಮನ್ ರೋಸೆಂಥಾಲ್ ಎಂಬ ಜೂಜು ಅಡ್ಡೆಯವನು, ಚಾರ್ಲ್ಸ್ ಬೆಕರ್ ಎಂಬ ಪೊಲೀಸ್ ಲೆಫ್ಟಿನೆಂಟ್ ಮಾಮೂಲು ವಸೂಲಿ ಮಾಡುತ್ತಾನೆ ಎಂದು ಪತ್ರಿಕೆಗೆ ಹೇಳಿದ. ಎರಡೇ ದಿನದಲ್ಲಿ ಹೋಟೆಲ್ ಬಾಗಿಲಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಡಿ.ಎ. ವಿಟ್ಮನ್ ಆ ರಾತ್ರಿಯೇ ಪೊಲೀಸ್ ಠಾಣೆಗೆ ಬಂದು ತನಿಖೆ ಕೈಗೆತ್ತಿಕೊಂಡ. ಬೆಕರ್‌ಗೆ ಆದ ಮೊದಲ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಮತ್ತೆ ವಿಚಾರಣೆ, 1914ರಲ್ಲಿ ಮತ್ತೆ ಮರಣದಂಡನೆ. ಈ ಕೇಸಿನ ಹೆಸರಿನ ಮೇಲೆ ವಿಟ್ಮನ್ ರಾಜ್ಯಪಾಲನಾದ. ಹಾಗಾಗಿ ಬೆಕರ್‌ನ ಕ್ಷಮಾದಾನದ ಕೋರಿಕೆ ಹೋಗಿ ನಿಂತದ್ದು ಅವನಿಗೆ ಶಿಕ್ಷೆ ಕೊಡಿಸಿದವನ ಮೇಜಿನ ಮುಂದೆಯೇ! 1915ರ ಜುಲೈ 30ರಂದು ಬೆಕರ್‌ನನ್ನು ವಿದ್ಯುತ್ ಕುರ್ಚಿಗೆ ಏರಿಸಿದರು. ಅವನು ತಪ್ಪಿತಸ್ಥನೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಆಕ್ಷೇಪ ಅದಲ್ಲ. ಆರೋಪಿಸಿದವನೇ ಕ್ಷಮಿಸಬೇಕಾದ ಸ್ಥಾನದಲ್ಲಿ ಕೂರಬಹುದಾದ ಏರ್ಪಾಡಿನಲ್ಲೇ ತಪ್ಪಿದೆ.

ಕಚೇರಿಯ ಅದೃಷ್ಟ ನಿಜವಾಗಿ ತಿರುಗಿದ್ದು 1930ರ ದಶಕದಲ್ಲಿ. 1931ರಲ್ಲಿ ನಿವೃತ್ತ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀಬರಿ ಆಗಿನ ಡಿ.ಎ. ಥಾಮಸ್ ಕ್ರೇನ್‌ನ ಕೆಲಸದ ತನಿಖೆ ನಡೆಸಿದರು. ಅಸಮರ್ಥ, ಆದರೆ ವಜಾ ಮಾಡುವಂಥ ಅಪರಾಧವಿಲ್ಲ ಎಂಬರ್ಥದ ವರದಿ ಕೊಟ್ಟರು. ಅವನ ನಂತರ ಬಂದ ವಿಲಿಯಂ ಡಾಜ್ ಕೂಡ ಟ್ಯಾಮನಿಯವನೇ. 1935ರಲ್ಲಿ ಅವನ ಮುಂದೆ ಕೂತ ಗ್ರ್ಯಾಂಡ್ ಜ್ಯೂರಿ ತಿರುಗಿಬಿತ್ತು.

ಇಲ್ಲಿ ಗ್ರ್ಯಾಂಡ್ ಜ್ಯೂರಿ ಎಂದರೇನು ಎಂದು ಹೇಳಬೇಕು, ನಮ್ಮಲ್ಲಿ ಅದಿಲ್ಲ. 16ರಿಂದ 23 ಮಂದಿ ಸಾಮಾನ್ಯ ನಾಗರಿಕರು ಮುಚ್ಚಿದ ಕೋಣೆಯಲ್ಲಿ ಸಾಕ್ಷ್ಯ ಕೇಳುತ್ತಾರೆ. ಕನಿಷ್ಠ 12 ಮಂದಿ ಒಪ್ಪಿದರೆ ಗಂಭೀರ ಅಪರಾಧದ ದೋಷಾರೋಪ ಹೊರಬೀಳುತ್ತದೆ. ಕೋಣೆಯಲ್ಲಿ ನ್ಯಾಯಾಧೀಶ ಕೂತಿರುವುದಿಲ್ಲ, ಡಿ.ಎ. ಕಡೆಯವರು ತಂದಿಟ್ಟದ್ದೇ ಸಾಕ್ಷ್ಯ. ಸಾಧಾರಣವಾಗಿ ಜ್ಯೂರಿ ಅವರು ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತದೆ. 1935ರ ಆ ಜ್ಯೂರಿ ಮಾತ್ರ, ದಂಧೆಕೋರರ ತನಿಖೆಯನ್ನು ಡಾಜ್ ಬೇಕೆಂದೇ ಎಳೆಯುತ್ತಿದ್ದಾನೆ ಎಂದು ಸಿಟ್ಟಾಗಿ ಅವನ ಸಹಾಯಕರನ್ನೇ ಕೋಣೆಯಿಂದ ಹೊರಗಿಟ್ಟಿತು, ವಿಶೇಷ ಅಭಿಯೋಜಕ ಬೇಕೆಂದು ಪಟ್ಟು ಹಿಡಿಯಿತು. ರಾಜ್ಯಪಾಲ ಹರ್ಬರ್ಟ್ ಲೇಮನ್ ನಾಲ್ವರು ಹಿರಿಯ ವಕೀಲರ ಹೆಸರು ಸೂಚಿಸಿದರು. ನಾಲ್ವರೂ ಒಲ್ಲೆ ಎಂದು, 33 ವರ್ಷದ ಥಾಮಸ್ ಡ್ಯೂಯಿಯ ಕಡೆ ಬೆರಳು ತೋರಿಸಿದರು.

ಡ್ಯೂಯಿ ಡಾಜ್‌ನ ಕಚೇರಿಯೊಳಗೆ ಕಾಲಿಡಲೇ ಇಲ್ಲ, ವುಲ್‌ವರ್ತ್ ಕಟ್ಟಡದಲ್ಲಿ ಬೇರೆ ಕಚೇರಿ ತೆರೆದ. ಪಕ್ಷದ ಶಿಫಾರಸು ನೋಡದೆ 20 ವಕೀಲರನ್ನು ಆರಿಸಿಕೊಂಡ. ಅವರಲ್ಲಿ ಒಬ್ಬಳೇ ಮಹಿಳೆ, ಒಬ್ಬಳೇ ಕಪ್ಪು ವ್ಯಕ್ತಿ ಯೂನಿಸ್ ಕಾರ್ಟರ್. ಮಾಫಿಯಾ ದೊರೆ ಲಕ್ಕಿ ಲುಚಿಯಾನೋ ಕೇಸು ಎಂದರೆ ಎಲ್ಲರೂ ಡ್ಯೂಯಿಯ ಹೆಸರು ಹೇಳುತ್ತಾರೆ. ಆದರೆ ಎಳೆ ಹಿಡಿದವಳು ಈಕೆ. ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವೇಶ್ಯಾವೃತ್ತಿಯ ಸಣ್ಣಪುಟ್ಟ ಕೇಸು ನಡೆಸುತ್ತಿದ್ದಾಗ ಅವಳೊಂದು ವಿಚಿತ್ರ ಗಮನಿಸಿದ್ದಳು: ಊರಿನ ಯಾವ ಮೂಲೆಯಲ್ಲಿ ಹೆಣ್ಣುಮಕ್ಕಳು ಸಿಕ್ಕಿಬೀಳಲಿ, ಬರುವ ವಕೀಲ ಅವನೇ, ಜಾಮೀನು ಕೊಡುವವನು ಅವನೇ, ಹೇಳುವ ಕಥೆಯೂ ಅದೇ, ಕಡೆಗೆ ಕೇಸು ವಜಾ. ಯಾರೋ ಒಬ್ಬರು ಎಲ್ಲವನ್ನೂ ಮೇಲಿನಿಂದ ನಡೆಸುತ್ತಿದ್ದಾರೆ ಎಂದಾಯಿತಲ್ಲ! ಮೊದಮೊದಲು ಡ್ಯೂಯಿಗೆ ಇದು ರುಚಿಸಲಿಲ್ಲ. ಬಡ ಹೆಣ್ಣುಮಕ್ಕಳ ಮೇಲೆ ಕೇಸು ಹಾಕಿ ಹೆಸರು ಮಾಡುವವನು ಎನ್ನಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಕಾರ್ಟರ್ ಬಿಡಲಿಲ್ಲ. 1936ರ ಫೆಬ್ರವರಿ 1ರ ರಾತ್ರಿ ನಗರದ ಹತ್ತಾರು ವೇಶ್ಯಾಗೃಹಗಳ ಮೇಲೆ ಏಕಕಾಲಕ್ಕೆ ದಾಳಿಯಾಯಿತು. ಎಲ್ಲಿಗೆ ಹೋಗುತ್ತಿದ್ದೇವೆಂದು ದಾಳಿಯ ಪೊಲೀಸರಿಗೇ ಕೊನೇ ಗಳಿಗೆವರೆಗೂ ಹೇಳಿರಲಿಲ್ಲ, ಸುದ್ದಿ ಸೋರುತ್ತದೆಂಬ ಭಯ. ಹಿಡಿದ ಹೆಣ್ಣುಮಕ್ಕಳನ್ನು ಆರೋಪಿಗಳನ್ನಾಗಿ ಮಾಡದೆ ಸಾಕ್ಷಿಗಳನ್ನಾಗಿ ಮಾಡಿದರು. ಜೂನ್‌ನಲ್ಲಿ ಲುಚಿಯಾನೋಗೆ 30ರಿಂದ 50 ವರ್ಷ ಶಿಕ್ಷೆಯಾಯಿತು. (ಹತ್ತು ವರ್ಷದ ನಂತರ ಅದನ್ನು ಕಡಿತ ಮಾಡಿ ಅವನನ್ನು ಇಟಲಿಗೆ ಗಡೀಪಾರು ಮಾಡಿದವನೂ ಡ್ಯೂಯಿಯೇ, ಅಷ್ಟೊತ್ತಿಗೆ ಅವನು ರಾಜ್ಯಪಾಲ.)

ಡ್ಯೂಯಿ 1938ರಲ್ಲಿ ಡಿ.ಎ. ಆದ, 1944 ಮತ್ತು 1948ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಎರಡೂ ಸಲ ಸೋತ. ಅವನಿಗೂ ಹುದ್ದೆ ಏಣಿಯೇ. ಆದರೆ ಅವನು ಬಿಟ್ಟುಹೋದ ನೇಮಕದ ಪದ್ಧತಿಯನ್ನು ಗಟ್ಟಿ ಮಾಡಿದವನು ಉತ್ತರಾಧಿಕಾರಿ ಫ್ರ್ಯಾಂಕ್ ಹೋಗನ್. 1941ರಲ್ಲಿ ಎಲ್ಲ ಪಕ್ಷಗಳೂ ಅವನನ್ನೇ ಬೆಂಬಲಿಸಿದವು. 1942ರಿಂದ 1973ರವರೆಗೆ, 32 ವರ್ಷ, ಅವನೇ ಡಿ.ಎ. ಅವನ ಕಚೇರಿಯಲ್ಲಿ ಸಹಾಯಕ ವಕೀಲರು ರಾಜಕೀಯ ಚಟುವಟಿಕೆಗೆ ಕೈ ಹಾಕುವಂತಿರಲಿಲ್ಲ. ಯಾವ ಪಕ್ಷದವರ ಚೀಟಿ ತಂದಿದ್ದೀರಿ ಎಂಬುದರ ಮೇಲೆ ಕೆಲಸ ಸಿಗುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮ ‘ಪಕ್ಷಪಾತವಿಲ್ಲದೆ ಹೇಗೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. 1846ರ ಓಟು ಡಿ.ಎ.ಗೆ ರಾಜ್ಯಪಾಲರಿಂದ ಸ್ವಾತಂತ್ರ್ಯ ಕೊಟ್ಟಿತು. ಪಕ್ಷದಿಂದ ಸ್ವಾತಂತ್ರ್ಯ ಸಿಗಲು ಸುಮಾರು ನೂರು ವರ್ಷ ಬೇಕಾಯಿತು, ಅದು ಸಿಕ್ಕಿದ್ದು ಕೆಳಗಿನ ಹುದ್ದೆಗಳ ನೇಮಕ ಸರಿಹೋದದ್ದರಿಂದ. ಮೇಲೆ ಒಬ್ಬ ಚುನಾಯಿತ, ಕೆಳಗೆ ನೂರಾರು ಮಂದಿ ಓಟಿನ ಹಂಗಿಲ್ಲದ ವಕೀಲರು. ದಿನನಿತ್ಯದ ಕೇಸು ನಡೆಸುವವರು ಅವರು.

ಹೋಗನ್‌ನನ್ನು ದೇವರು ಮಾಡುವ ಅಗತ್ಯವಿಲ್ಲ. 1958ರಲ್ಲಿ ಅವನೂ ಸೆನೆಟ್‌ಗೆ ನಿಂತು ಸೋತ. 1964ರಲ್ಲಿ ಹಾಸ್ಯಗಾರ ಲೆನ್ನಿ ಬ್ರೂಸ್ ವೇದಿಕೆಯಲ್ಲಿ ಆಡಿದ ಮಾತು ಅಶ್ಲೀಲವೆಂದು ಕೇಸು ಹಾಕಿ ಶಿಕ್ಷೆ ಕೊಡಿಸಿದ. ಕಚೇರಿಯೊಳಗಿನ ಕೆಲವರಿಗೇ ಅದು ಹಿಡಿಸಿರಲಿಲ್ಲ. ಸತ್ತು 37 ವರ್ಷಗಳಾದ ಮೇಲೆ, 2003ರಲ್ಲಿ, ಬ್ರೂಸ್‌ಗೆ ಕ್ಷಮಾದಾನ ಸಿಕ್ಕಿತು. ಇಂದು ಕಚೇರಿಯ ವಿಳಾಸ ‘ಒನ್ ಹೋಗನ್ ಪ್ಲೇಸ್’.

1942ರಿಂದ ಈಚೆಗೆ ಈ ಹುದ್ದೆಗೆ ಬಂದವರು ಐವರು ಮಾತ್ರ. ನಡುವೆ ಕೆಲವೇ ತಿಂಗಳಿದ್ದ ರಿಚರ್ಡ್ ಕೂ ಅವರನ್ನು ಬಿಟ್ಟರೆ ಹೋಗನ್ ನಂತರ ರಾಬರ್ಟ್ ಮಾರ್ಗೆಂಥಾ (1975–2009), ಸೈರಸ್ ವ್ಯಾನ್ಸ್ ಜೂನಿಯರ್ (2010–2021), ಈಗ ಆಲ್ವಿನ್ ಬ್ರ್ಯಾಗ್. ಮಾರ್ಗೆಂಥಾ ನಿವೃತ್ತರಾದಾಗ ಅವರಿಗೆ 90. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ವೃತ್ತಿ ಶುರು ಮಾಡಿದ್ದು 1979ರಲ್ಲಿ ಅವರ ಕೈಕೆಳಗೆ. ಬೀದಿ ಅಪರಾಧದ ಕಚೇರಿಯನ್ನು ಹಣದ ಜಾಡು ಹಿಡಿಯುವ ಕಚೇರಿಯನ್ನಾಗಿ ಬದಲಿಸಿದ್ದು ಮಾರ್ಗೆಂಥಾ. ಪಾಕಿಸ್ತಾನದ ಆಗಾ ಹಸನ್ ಅಬೇದಿ ಕಟ್ಟಿದ್ದ ಬಿ.ಸಿ.ಸಿ.ಐ. ಬ್ಯಾಂಕಿನ ಮೇಲೆ 1991ರ ಜುಲೈನಲ್ಲಿ ವಂಚನೆಯ ದೋಷಾರೋಪ ಹೊರಿಸಿದರು. ವಾಷಿಂಗ್ಟನ್‌ನ ನ್ಯಾಯ ಇಲಾಖೆ ಮೀನಮೇಷ ಎಣಿಸುತ್ತಿದ್ದಾಗ ಒಂದು ಕೌಂಟಿಯ ವಕೀಲ ಜಾಗತಿಕ ಬ್ಯಾಂಕನ್ನು ಹಿಡಿದರು. ತರ್ಕ ಸರಳ: ಡಾಲರ್ ವ್ಯವಹಾರ ಯಾವ ದೇಶದಲ್ಲೇ ನಡೆಯಲಿ, ಬಹುಪಾಲು ಮ್ಯಾನ್‌ಹಟನ್‌ನ ಬ್ಯಾಂಕುಗಳ ಮೂಲಕವೇ ಹಾಯಬೇಕು, ಹಾಯ್ದರೆ ಸುಳ್ಳು ಲೆಕ್ಕ ಬರೆದ ಅಪರಾಧ ಈ ಕೌಂಟಿಯಲ್ಲೂ ನಡೆದಂತೆ. ಆ ಬ್ಯಾಂಕಿನ ಮುಂಬೈ ಶಾಖೆಯ ವ್ಯವಹಾರ ನಂತರ ನಮ್ಮ ಸ್ಟೇಟ್ ಬ್ಯಾಂಕಿನ ಒಂದು ಅಂಗಸಂಸ್ಥೆಗೆ ಬಂತು.

ಅದೇ ಮಾರ್ಗೆಂಥಾ ಕಾಲದ ಅತಿ ದೊಡ್ಡ ಕಳಂಕ 1989ರ ಸೆಂಟ್ರಲ್ ಪಾರ್ಕ್ ಪ್ರಕರಣ. ಪಾರ್ಕಿನಲ್ಲಿ ಓಡುತ್ತಿದ್ದ ಯುವತಿಯ ಮೇಲೆ ಅತ್ಯಾಚಾರ, ಮಾರಣಾಂತಿಕ ಹಲ್ಲೆ. 14ರಿಂದ 16 ವಯಸ್ಸಿನ ಐವರು ಹುಡುಗರು, ನಾಲ್ವರು ಕಪ್ಪು, ಒಬ್ಬ ಲ್ಯಾಟಿನೋ, ಗಂಟೆಗಟ್ಟಲೆ ಪೊಲೀಸ್ ವಿಚಾರಣೆಯ ನಂತರ ತಪ್ಪೊಪ್ಪಿಗೆ ಕೊಟ್ಟರು. ಡಿಎನ್‌ಎ ಅವರಲ್ಲಿ ಯಾರದ್ದಕ್ಕೂ ಹೊಂದಲಿಲ್ಲ. ಆದರೂ 1990ರಲ್ಲಿ ಶಿಕ್ಷೆಯಾಯಿತು. 2002ರಲ್ಲಿ ಜೈಲಿನಲ್ಲಿದ್ದ ಮತಿಯಾಸ್ ರೇಯಸ್ ಎಂಬುವನು ತಾನೊಬ್ಬನೇ ಮಾಡಿದ್ದೆಂದು ಒಪ್ಪಿಕೊಂಡ, ಡಿಎನ್‌ಎ ಹೊಂದಿತು. ಆಗ ಡಿ.ಎ. ಕಚೇರಿಯೇ, ಪೊಲೀಸರ ವಿರೋಧದ ನಡುವೆ, ತೀರ್ಪು ರದ್ದು ಮಾಡಿರೆಂದು ಕೋರ್ಟನ್ನು ಕೇಳಿತು. 2014ರಲ್ಲಿ ನಗರ 4.1 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಆ ಐವರಲ್ಲಿ ಒಬ್ಬರಾದ ಯೂಸೆಫ್ ಸಲಾಂ 2023ರಲ್ಲಿ ನಗರಸಭೆಗೆ ಚುನಾಯಿತರಾದರು.

ನಮ್ಮ ವ್ಯವಸ್ಥೆಯ ಜೊತೆ ಹೋಲಿಸುವಾಗ ನೇಮಕ–ಚುನಾವಣೆಯ ವ್ಯತ್ಯಾಸವನ್ನೇ ಹಿಡಿದುಕೊಳ್ಳಬೇಡಿ. ದೊಡ್ಡ ವ್ಯತ್ಯಾಸ ಬೇರೆಡೆ ಇದೆ. ನಮ್ಮ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ಎಪಿಪಿ, ಅಂದರೆ ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್, ಕೈಗೆ ಕೇಸು ಬರುವ ಹೊತ್ತಿಗೆ ಪೊಲೀಸರು ಯಾವ ಸೆಕ್ಷನ್ ಹಾಕಬೇಕೋ ಹಾಕಿ ಚಾರ್ಜ್‌ಶೀಟ್ ಸಿದ್ಧಮಾಡಿರುತ್ತಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವವರೆಗೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಕೇಸು ನಡೆಸುವುದು ವಾಡಿಕೆಯಾಗಿತ್ತು. 1995ರಲ್ಲಿ ಶಹಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಪಿಪಿಗಳನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಪೂರ್ತಿ ಬೇರ್ಪಡಿಸಿ ಎಂದು ಮಹಾರಾಷ್ಟ್ರಕ್ಕೆ ಹೇಳಬೇಕಾಯಿತು. ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ (ಪಿಪಿ) ಏಳು ವರ್ಷ ವಕೀಲಿಕೆ ಆಗಿರಬೇಕು, ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಪಟ್ಟಿ ಮಾಡಬೇಕು ಎಂಬ ನಿಯಮ ಆ ಸಂಹಿತೆಯ ಬದಲಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಬಿಎನ್‌ಎಸ್‌ಎಸ್) ಉಳಿದಿದೆ. ಕೇಸು ಹಿಂತೆಗೆಯಬೇಕಾದರೆ ಕೋರ್ಟಿನ ಅನುಮತಿ ಬೇಕು. ಮ್ಯಾನ್‌ಹಟನ್‌ನಲ್ಲಿ ಪೊಲೀಸರ ಕೆಲಸ ಹಿಡಿದು ತರುವುದು. ಸಾಮಾನ್ಯವಾಗಿ 24 ಗಂಟೆಯೊಳಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರಲ್ಲಿ ಸೆಂಟರ್ ಸ್ಟ್ರೀಟ್ ಕಟ್ಟಡದ ಕೋಣೆಯೊಂದರಲ್ಲಿ, ಹೊಸದಾಗಿ ಸೇರಿದ ಸಹಾಯಕ ವಕೀಲರೊಬ್ಬರು ಬಂಧಿಸಿದ ಪೊಲೀಸನನ್ನು ಎದುರು ಕೂರಿಸಿಕೊಂಡು ‘ನೀನು ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು’ ಎಂದು ವಿಚಾರಿಸಿ ಆರೋಪಪತ್ರ ಬರೆಯುತ್ತಾರೆ. ಯಾವ ಸೆಕ್ಷನ್ ಎನ್ನುವುದು ಅವರ ತೀರ್ಮಾನ, ಕೇಸೇ ಬೇಡ ಎನ್ನುವುದೂ ಅವರ ತೀರ್ಮಾನ.

ಈ ‘ಬೇಡ’ ಎನ್ನುವ ಅಧಿಕಾರ ಇಡೀ ವ್ಯವಸ್ಥೆಯ ಚುಕ್ಕಾಣಿ. ಅಮೆರಿಕದ ರಾಜ್ಯ ಕೋರ್ಟುಗಳಲ್ಲಿ ಶೇ. 90ಕ್ಕೂ ಹೆಚ್ಚು ಶಿಕ್ಷೆಗಳು ವಿಚಾರಣೆ ನಡೆಯದೆ, ತಪ್ಪೊಪ್ಪಿಗೆಯ ಚೌಕಾಸಿಯಲ್ಲೇ ಮುಗಿಯುತ್ತವೆ. ಚೌಕಾಸಿಯಲ್ಲಿ ಬೆಲೆ ಕಟ್ಟುವವರು ಡಿ.ಎ. ಓಟುದಾರರಿಗೂ ಇದು ಗೊತ್ತಾಗಿದೆ. 2018ರಲ್ಲಿ ವ್ಯಾನ್ಸ್ ಗಾಂಜಾ ಸೇದಿದವರ ಮೇಲೆ ಕೇಸು ಹಾಕುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. 2022ರ ಜನವರಿಯಲ್ಲಿ ಬ್ರ್ಯಾಗ್ ಬಂದ ಕೂಡಲೇ ಕೆಲವು ಸಣ್ಣ ಅಪರಾಧಗಳಿಗೆ ಕೇಸು ಬೇಡ, ಜೈಲು ಕೊನೆಯ ಉಪಾಯವಾಗಲಿ ಎಂದು ಸುತ್ತೋಲೆ ಹೊರಡಿಸಿ, ಗದ್ದಲವೆದ್ದ ಮೇಲೆ ಕೆಲವು ಸೂಚನೆಗಳನ್ನು ಬದಲಿಸಿದರು. ಅದೇ ಅಧಿಕಾರದ ಕತ್ತಲ ಮುಖವೂ ಉಂಟು. 2015ರಲ್ಲಿ ಹಾರ್ವಿ ವೈನ್‌ಸ್ಟೀನ್ ಮೇಲಿನ ದೂರನ್ನು ವ್ಯಾನ್ಸ್ ಕಚೇರಿ ಕೈಬಿಟ್ಟಿತ್ತು. 2017ರಲ್ಲಿ, ಅವರು ಚುನಾವಣೆಗೆಂದು ಬಲಾಢ್ಯರ ವಕೀಲರಿಂದ ದೇಣಿಗೆ ಪಡೆದದ್ದು ಬೆಳಕಿಗೆ ಬಂದಾಗ ಜನ ಎರಡನ್ನೂ ಕೂಡಿಸಿ ನೋಡಿದರು. ಸಂಬಂಧವಿಲ್ಲವೆಂದು ಅವರು ಹೇಳಿದರೂ ದೇಣಿಗೆಯ ನಿಯಮ ಬಿಗಿ ಮಾಡಬೇಕಾಯಿತು. ಓಟಿನ ಪದ್ಧತಿಗೆ ಅಂಟಿದ ಈ ಕೊಳೆ ಪೂರ್ತಿ ಹೋಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ಸರ್ಕಾರ ಬದಲಾದೊಡನೆ ಪಿಪಿಗಳ ಪಟ್ಟಿ ಬದಲಾಗುವ ಕೊಳೆ ಬೇರೆ ಬಗೆಯದು, ಆದರೆ ಕಡಿಮೆಯದಲ್ಲ.

ಟ್ರಂಪ್ ಕೇಸಿನ ಬಗ್ಗೆ ಎರಡೇ ಮಾತು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟು 7–2ರ ಬಹುಮತದಿಂದ, ಹಾಲಿ ಅಧ್ಯಕ್ಷನೆಂಬ ಕಾರಣಕ್ಕೆ ರಾಜ್ಯದ ಗ್ರ್ಯಾಂಡ್ ಜ್ಯೂರಿಯ ಸಮನ್ಸ್‌ನಿಂದ ಪೂರ್ಣ ವಿನಾಯಿತಿ ಇಲ್ಲ ಎಂದಿತು. ಮುಂದಿನ ಮೊಕದ್ದಮೆಗೆ ಬಾಗಿಲು ತೆರೆದದ್ದು ಆ ತೀರ್ಪು. 2024ರ ಮೇ 30ರಂದು ವ್ಯವಹಾರದ ದಾಖಲೆ ತಿದ್ದಿದ 34 ಆರೋಪಗಳಲ್ಲಿ ಜ್ಯೂರಿ ಟ್ರಂಪ್ ದೋಷಿ ಎಂದಿತು; 2025ರ ಜನವರಿಯಲ್ಲಿ ಜೈಲು, ದಂಡ ಯಾವುದೂ ಇಲ್ಲದ ಬಿಡುಗಡೆಯ ಆದೇಶವಾಯಿತು. ಬ್ರ್ಯಾಗ್ ಡೆಮಾಕ್ರಟ್ ಎಂಬ ಆಕ್ಷೇಪ ಸಹಜ. 12 ಮಂದಿ ಜ್ಯೂರಿ ಒಮ್ಮತದಿಂದ ತೀರ್ಪು ಕೊಟ್ಟರು ಎನ್ನುವುದೂ ಅಷ್ಟೇ ನಿಜ.

ಇನ್ನು ವಿಗ್ರಹಗಳ ವಿಷಯ. ನ್ಯೂಯಾರ್ಕಿನ ಕಾನೂನಿನಲ್ಲಿ ಕಳ್ಳಮಾಲಿಗೆ ಎಷ್ಟು ಕೈ ದಾಟಿದರೂ ಒಡೆತನ ಹುಟ್ಟುವುದಿಲ್ಲ. ಕದ್ದದ್ದೆಂದು ತಿಳಿದೂ ಇಟ್ಟುಕೊಂಡಿರುವುದು ಇಟ್ಟುಕೊಂಡಿರುವ ದಿನದವರೆಗೂ ಅಪರಾಧ. ಹಾಗಾಗಿ 50 ವರ್ಷದ ಹಿಂದಿನ ಕಳವಾದರೂ ಮಾಲು ಮ್ಯಾನ್‌ಹಟನ್‌ನಲ್ಲಿದ್ದರೆ ಡಿ.ಎ.ಗೆ ಅಧಿಕಾರವುಂಟು. ಜಗತ್ತಿನ ಪ್ರಾಚ್ಯವಸ್ತು ಮಾರಾಟದ ದೊಡ್ಡ ಅಂಗಡಿ, ಹರಾಜು ಮನೆ, ಮ್ಯೂಸಿಯಂಗಳು ಸಾಲಾಗಿರುವುದೂ ಅಲ್ಲೇ. 2017ರಲ್ಲಿ ಇದಕ್ಕೆಂದೇ ಪ್ರತ್ಯೇಕ ಘಟಕವಾಯಿತು, ಮುಖ್ಯಸ್ಥರು ಮ್ಯಾಥ್ಯೂ ಬಾಗ್ಡಾನೋಸ್. ಮ್ಯಾನ್‌ಹಟನ್‌ನಲ್ಲಿ ‘ಆರ್ಟ್ ಆಫ್ ದಿ ಪಾಸ್ಟ್’ ಎಂಬ ಗ್ಯಾಲರಿ ನಡೆಸುತ್ತಿದ್ದ ಸುಭಾಷ್ ಕಪೂರ್ ಜಾಲದ ತನಿಖೆಯಿಂದ ಭಾರತಕ್ಕೆ 2021ರಲ್ಲಿ 248, 2022ರಲ್ಲಿ 307, 2023ರಲ್ಲಿ 105 ವಸ್ತುಗಳು ಬಂದವು. ಎಲ್ಲವೂ ಅವನದೇ ಅಲ್ಲ, ಬಹುಪಾಲು. 2024ರ ನವೆಂಬರಿನಲ್ಲಿ ಇನ್ನೂ 1,440. ಆ ಕೊನೆಯ ಕಂತಿನಲ್ಲಿ ಮಧ್ಯಪ್ರದೇಶದ ಗುಡಿಯೊಂದರಿಂದ 1980ರ ದಶಕದ ಆರಂಭದಲ್ಲಿ ಕದ್ದ ಮರಳುಗಲ್ಲಿನ ನರ್ತಕಿ ಇದ್ದಳು. ಸಾಗಿಸಲು ಸುಲಭವಾಗಲೆಂದು ಕಳ್ಳರು ಅವಳನ್ನು ಎರಡು ತುಂಡು ಮಾಡಿದ್ದರು. ತುಂಡುಗಳು ಲಂಡನ್ ಮೂಲಕ ನ್ಯೂಯಾರ್ಕ್ ಸೇರಿ, ಅಲ್ಲಿ ಜೋಡಣೆಯಾಗಿ, ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನವಾಗಿ ಹೋಗಿ, 2023ರಲ್ಲಿ ಜಪ್ತಿಯಾಗುವವರೆಗೂ ಪ್ರದರ್ಶನಕ್ಕಿದ್ದವು.

ಕಪೂರ್‌ನನ್ನು 2011ರಲ್ಲಿ ಜರ್ಮನಿಯಲ್ಲಿ ಹಿಡಿದು ಮರುವರ್ಷ ಭಾರತಕ್ಕೆ ತಂದರು. 2022ರ ನವೆಂಬರಿನಲ್ಲಿ ಕುಂಭಕೋಣದ ಕೋರ್ಟು ತಮಿಳುನಾಡಿನ ಗುಡಿಯ ವಿಗ್ರಹ ಕಳವಿನಲ್ಲಿ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಮ್ಯಾನ್‌ಹಟನ್‌ನಲ್ಲೂ ಅವನ ಮೇಲೆ 2019ರ ದೋಷಾರೋಪವಿದೆ. ಆದರೆ ಕೌಂಟಿಯ ಗಡಿ ದಾಟಿ ಹೋದ ಮಾಲಿನ ಮೇಲೆ ಈ ಕಚೇರಿಗೆ ನೇರ ಹಿಡಿತವಿಲ್ಲ. ಅದೇ ಗ್ಯಾಲರಿಯಿಂದ 50 ಲಕ್ಷ ಡಾಲರ್‌ಗೆ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಕೊಂಡಿದ್ದ ಶ್ರೀಪುರಂದಾನ್ ನಟರಾಜ ವಾಪಸ್ ಬಂದದ್ದು ಸರ್ಕಾರಗಳ ನಡುವಿನ ಮಾತುಕತೆಯಿಂದ, 2014ರಲ್ಲಿ, ಆಸ್ಟ್ರೇಲಿಯಾದ ಪ್ರಧಾನಿ ದೆಹಲಿಗೆ ಬಂದಾಗ ಅವರ ಕೈಯಲ್ಲೇ.